ಪಿಟ್ಸ್‌ಬರ್ಗ್‌ನಲ್ಲಿ ದೇವಸ್ಥಾನ ಬಿಟ್ಟರೆ ಏನಿದೆ? ಕಲ್ಲಿದ್ದಲಿನ ಹಿಂದೆ ಹೋಗಿ ನೋಡಿ

ಪ್ರಶ್ನೆ: ಮಗಳು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ಅವಳ ಘಟಿಕೋತ್ಸವಕ್ಕೆ ನಾವಿಬ್ಬರೂ ಹೋಗುತ್ತಿದ್ದೇವೆ. ನಾಲ್ಕು ದಿನ ಬಿಡುವಿದೆ. "ಅದು ಹಳೇ ಕಾರ್ಖಾನೆ ಊರು, ವೆಂಕಟೇಶ್ವರ ದೇವಸ್ಥಾನ ನೋಡಿಕೊಂಡು ನಯಾಗರಕ್ಕೆ ಹೊರಟುಬಿಡಿ" ಅಂತ ನೆಂಟರು ಹೇಳುತ್ತಾರೆ. ನಿಜಕ್ಕೂ ಅಲ್ಲಿ ನೋಡುವಂಥದ್ದು ಏನೂ ಇಲ್ಲವೇ? ಹೆಂಡತಿಗೆ ಮೊಣಕಾಲು ನೋವು. ಇಬ್ಬರೂ ಸಸ್ಯಾಹಾರಿಗಳು.

ಉತ್ತರ: ನಿಮ್ಮ ನೆಂಟರು ಹೇಳಿದ್ದು ಅರ್ಧ ನಿಜ. ಅದು ಹಳೇ ಕಾರ್ಖಾನೆ ಊರೇ. ಅದಕ್ಕೇ ನೋಡಬೇಕು ಅಂತೀನಿ.

ನಾನು ಭದ್ರಾವತಿಯವನು. ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದೆ. ಓದಿದ್ದು ಮೆಟಲರ್ಜಿ, ಸಂಬಳ ತಿಂದದ್ದು ಕುಲುಮೆಗಳ ಮುಂದೆ ನಿಂತು. ಹಾಗಾಗಿ ಈ ಊರಿನ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಆದರೂ ಮೊದಲ ಸಲ ಹೋದಾಗ ನನಗೂ ಊರು ಹಿಡಿಸಲಿಲ್ಲ. ಪಟ್ಟಿ ಹಿಡಿದುಕೊಂಡು ಒಂದೇ ದಿನದಲ್ಲಿ ಎಂಟು ಜಾಗ ಸುತ್ತಿದೆ. ಸಂಜೆ ಹೊತ್ತಿಗೆ ಡೈನೋಸಾರು, ಸೇತುವೆ, ಗಾಜಿನ ಮನೆ, ಗುಡ್ಡದ ರೈಲು ಎಲ್ಲಾ ಕಲಸುಮೇಲೋಗರ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಕಾಣಲಿಲ್ಲ.

ಎರಡನೇ ಸಲ ಬೇರೆ ಥರ ನೋಡಿದೆ. ಕಲ್ಲಿದ್ದಲು ಹೋದ ದಾರಿಯಲ್ಲೇ ನಾನೂ ಹೋದೆ. ಮೊದಲು ಗುಡ್ಡ, ಆಮೇಲೆ ನದಿ, ಆಮೇಲೆ ಕುಲುಮೆ, ಕೊನೆಗೆ ಆ ಕುಲುಮೆಯಿಂದ ಬಂದ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದು. ಆಗ ಡೈನೋಸಾರಿಗೂ ಒಂದು ಅರ್ಥ ಬಂತು. ನಿಮಗೂ ಇದೇ ದಾರಿ ಹೇಳುತ್ತೇನೆ.

ಊರಿನ ನಕ್ಷೆ ನೋಡಿದರೆ ಮೂರು ನದಿ ಕಾಣುತ್ತವೆ. ಉತ್ತರದ ಕಡೆಯಿಂದ ಅಲೆಗೇನಿ, ದಕ್ಷಿಣದಿಂದ ಮೊನಾಂಗಹೀಲಾ. ಎರಡೂ ಸೇರಿ ಒಹಾಯೊ ಆಗುತ್ತದೆ. ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ ತುಂಗಭದ್ರೆ ಆದ ಹಾಗೆ. ವ್ಯತ್ಯಾಸ ಇಷ್ಟೇ, ಕೂಡ್ಲಿಯಲ್ಲಿ ಗುಡಿ ಕಟ್ಟಿದರು, ಇಲ್ಲಿ ಕೋಟೆ ಕಟ್ಟಿದರು. 1754ರಲ್ಲಿ ಫ್ರೆಂಚರು ಡ್ಯೂಕೇನ್ ಕೋಟೆ ಕಟ್ಟಿದರು. 1758ರಲ್ಲಿ ಬ್ರಿಟಿಷರು ಜಾಗ ಹಿಡಿದು, ತಮ್ಮ ನಾಯಕ ವಿಲಿಯಂ ಪಿಟ್ ಹೆಸರಿಟ್ಟರು. ಆ ಕಾಲದ್ದು ಈಗ ಉಳಿದಿರುವುದು 1764ರ ಒಂದು ಪುಟ್ಟ ಇಟ್ಟಿಗೆ ಕಾವಲು ಮನೆ ಮಾತ್ರ. ಹತ್ತು ನಿಮಿಷ ಸಾಕು.

ಸಂಗಮದ ತುದಿಯಲ್ಲೇ ಒಂದು ಪಾರ್ಕ್ ಇದೆ. 'ಪಾಯಿಂಟ್' ಅಂತಾರೆ. ಅಲ್ಲಿನ ಕಾರಂಜಿ 150 ಅಡಿ ಚಿಮ್ಮುತ್ತದೆ. ಮೂರು ನದಿ ಸುತ್ತಲೂ ಇದ್ದರೂ ಆ ಕಾರಂಜಿಗೆ ನೀರು ಬರುವುದು ನದಿಯಿಂದಲ್ಲ. ನೆಲದಡಿಯ ಜಲಪದರದಿಂದ. ಊರಿನವರು ಅದನ್ನು 'ನಾಲ್ಕನೇ ನದಿ' ಅಂತಾರೆ. ಪ್ರಯಾಗದ ಗುಪ್ತಗಾಮಿನಿ ಸರಸ್ವತಿ ನೆನಪಾಗಲಿಲ್ಲವಾ? ನನಗಂತೂ ಆಯಿತು. ಇಲ್ಲಿ ಬಯಲು ಸಮತಟ್ಟು, ಬೆಂಚುಗಳೂ ಇವೆ. ನಿಮ್ಮ ಮನೆಯವರು ಆರಾಮಾಗಿ ಕೂರಬಹುದು. ಪಶ್ಚಿಮಕ್ಕೆ ಮುಖ ಮಾಡಿದರೆ ಬಲಗಡೆ ಅಲೆಗೇನಿ, ಎಡಗಡೆ ಮೊನಾಂಗಹೀಲಾ. ಕೆಲವು ದಿನ ಎರಡರ ನೀರಿನ ಬಣ್ಣವೇ ಬೇರೆ ಇರುತ್ತದೆ. ಊರಿನವರು ಎರಡನೆಯದನ್ನು ಸುಮ್ನೆ 'ಮಾನ್' ಅಂತಾರೆ. ನಾನೂ ಹಾಗೇ ಕರೆಯುತ್ತೇನೆ, ಬೆರಳಿಗೆ ಕಷ್ಟ ಕಡಿಮೆ.

ಮಾನ್ ನದಿಯ ಆಚೆ ದಡದಲ್ಲಿ ಗೋಡೆ ನಿಲ್ಲಿಸಿದ ಹಾಗೆ ಒಂದು ಗುಡ್ಡ ಇದೆಯಲ್ಲ, ಕಥೆ ಶುರುವಾಗುವುದೇ ಅಲ್ಲಿ. ಈಗ ಅದರ ಹೆಸರು ಮೌಂಟ್ ವಾಷಿಂಗ್ಟನ್. ಹಳೇ ಹೆಸರು ಕೋಲ್ ಹಿಲ್, ಅಂದರೆ ಇದ್ದಲು ಗುಡ್ಡ. ಕೋಟೆಯ ಸೈನಿಕರು 1760ರ ಸುಮಾರಿಗೇ ಇಲ್ಲಿ ಕಲ್ಲಿದ್ದಲು ಅಗೆದು ಒಲೆಗೆ ಹಾಕುತ್ತಿದ್ದರು. ಗಣಿಗೆ ಆಳಕ್ಕೆ ಇಳಿಯಬೇಕಿರಲಿಲ್ಲ. ಗುಡ್ಡದ ಪಕ್ಕೆಯಲ್ಲೇ ಪದರ ಹೊರಗೆ ಕಾಣುತ್ತಿತ್ತು. ಅಗೆದು ಕೆಳಕ್ಕೆ ದೂಡಿದರೆ ನದಿ. ನದಿಯಲ್ಲಿ ದೋಣಿ. ಇಷ್ಟು ಅನುಕೂಲ ಬೇರೆ ಎಲ್ಲಿ ಸಿಗಬೇಕು!

ನದಿ ದಡದಲ್ಲಿ ಕಾರ್ಖಾನೆಗಳು ತುಂಬಿಕೊಂಡವು. ಜನ ಮನೆ ಕಟ್ಟಿಕೊಳ್ಳಲು ಗುಡ್ಡ ಹತ್ತಬೇಕಾಯಿತು. ಪಾಳಿ ಮುಗಿಸಿ ಬಂದವನು ಆ ಕಡಿದಾದ ಗುಡ್ಡವನ್ನು ದಿನಾ ಹತ್ತುವುದು ಹೇಗೆ? ಅದಕ್ಕೆ ಹುಟ್ಟಿದ್ದು 'ಇನ್‌ಕ್ಲೈನ್'. ಹಳಿ ಮೇಲೆ ಎರಡು ಡಬ್ಬಿ, ಒಂದೇ ಹಗ್ಗಕ್ಕೆ. ಬಾವಿಯ ಗಡಗಡೆಗೆ ಎರಡು ಕೊಡ ಕಟ್ಟಿದ ಹಾಗೆ. ಒಂದು ಇಳಿದರೆ ಇನ್ನೊಂದು ಏರುತ್ತದೆ. ಭಾರಕ್ಕೆ ಭಾರ ಸರಿಹೋಗುವುದರಿಂದ ಎಂಜಿನ್‌ಗೆ ಕೆಲಸ ಕಡಿಮೆ. ಒಂದು ಕಾಲದಲ್ಲಿ ಇಂಥವು ಊರಿನಲ್ಲಿ ಹದಿನೈದಕ್ಕೂ ಹೆಚ್ಚು ಇದ್ದವು. ಈಗ ಎರಡು ಉಳಿದಿವೆ. ಮೊನಾಂಗಹೀಲಾ ಇನ್‌ಕ್ಲೈನ್ 1870ರದ್ದು, ಡ್ಯೂಕೇನ್ ಇನ್‌ಕ್ಲೈನ್ 1877ರದ್ದು.

ಒಂದನ್ನೇ ಹತ್ತಲು ಪುರುಸೊತ್ತಿದ್ದರೆ ಡ್ಯೂಕೇನ್ ಹತ್ತಿ. 800 ಅಡಿ ಉದ್ದದ ಹಳಿ, 400 ಅಡಿ ಎತ್ತರ. ಡಬ್ಬಿಗಳು ಹಳೇ ಕಾಲದ ಮರದವೇ. ಮೇಲಿನ ಸ್ಟೇಷನ್‌ನಲ್ಲಿ ಹಗ್ಗ ಸುತ್ತುವ ಯಂತ್ರವನ್ನು ಹತ್ತಿರದಿಂದ ನೋಡಬಹುದು. ಅದರ ದೊಡ್ಡ ಗೇರಿನ ಹಲ್ಲುಗಳು ಮರದವು! ಕಬ್ಬಿಣದ ಊರಿನಲ್ಲಿ ಮರದ ಹಲ್ಲು. ನಾನು ಅಲ್ಲಿ ಅರ್ಧ ಗಂಟೆ ನಿಂತಿದ್ದೆ, ಮನೆಯವರು ಕರೆದು ಸುಸ್ತಾದರು. 1962ರಲ್ಲಿ ಇದನ್ನು ನಿಲ್ಲಿಸಿಬಿಟ್ಟಿದ್ದರು. ಗುಡ್ಡದ ಮೇಲಿನ ಜನರೇ ಚಂದಾ ಎತ್ತಿ ಮರುವರ್ಷ ಮತ್ತೆ ಓಡಿಸಿದರು. ಮೊಣಕಾಲು ನೋವಿನವರಿಗೆ ಒಂದು ಉಪಾಯ: ಕೆಳಗಿನಿಂದ ಹತ್ತಬೇಡಿ, ಅಲ್ಲಿ ಮೆಟ್ಟಿಲು ಕಾಟ. ಕಾರಿನಲ್ಲಿ ನೇರ ಮೇಲಿನ ಗ್ರ್ಯಾಂಡ್‌ವ್ಯೂ ರಸ್ತೆಗೆ ಹೋಗಿ, ಒಂದು ಸಲ ಇಳಿದು ಅದೇ ಡಬ್ಬಿಯಲ್ಲಿ ವಾಪಸ್ ಬನ್ನಿ. ಸಂಜೆ ದೀಪ ಹತ್ತುವ ಹೊತ್ತಿಗೆ ಹೋದರೆ ಮೂರು ನದಿ, ಸಾಲು ಸೇತುವೆ, ಇಡೀ ಊರು ಕಾಲ ಕೆಳಗೆ.

ಮೇಲಿನಿಂದ ಸೇತುವೆ ಎಣಿಸಲು ಹೋಗಬೇಡಿ. ಊರಿನಲ್ಲಿ 446 ಇವೆ ಅಂತ ಲೆಕ್ಕ. ಬಹಳಷ್ಟಕ್ಕೆ ಹಳದಿ ಬಣ್ಣ. ಅಲೆಗೇನಿ ಮೇಲೆ ಒಂದೇ ಅಚ್ಚಿನ ಮೂರು ತೂಗು ಸೇತುವೆ ಸಾಲಾಗಿವೆ, 'ಮೂವರು ಅಕ್ಕತಂಗಿಯರು' ಅಂತ ಹೆಸರು. 1920ರ ದಶಕದವು. ನಾನು ಕೈ ತೋರಿಸುವುದು ಮಾತ್ರ ಮಾನ್ ಮೇಲಿನ ಸ್ಮಿತ್‌ಫೀಲ್ಡ್ ಸೇತುವೆಗೆ. 1883ರದ್ದು. ಪಕ್ಕದಿಂದ ನೋಡಿದರೆ ಎರಡು ಮೀನು ಬಾಯಿಗೆ ಬಾಲ ಜೋಡಿಸಿ ಮಲಗಿದ ಹಾಗೆ ಕಾಣುತ್ತದೆ.

ಇನ್ನು ಕುಲುಮೆ. ಈ ಊರಿನಲ್ಲಿ ಅದಿರು ಇರಲಿಲ್ಲ ಅಂದರೆ ನಂಬುತ್ತೀರಾ? ಅದಿರು ದೂರದ ಸುಪೀರಿಯರ್ ಸರೋವರದ ಕಡೆಯಿಂದ ಹಡಗು, ರೈಲು ಹತ್ತಿ ಬರುತ್ತಿತ್ತು. ಆದರೆ ಸುತ್ತಲಿನ ಕಲ್ಲಿದ್ದಲು ಒಳ್ಳೇ ಕೋಕ್ ಆಗುವಂಥದ್ದು. ಕೋಕ್ ಅಂದರೆ ಕಲ್ಲಿದ್ದಲನ್ನು ಗಾಳಿ ತಾಗದಂತೆ ಕಾಯಿಸಿ ಮಾಡುವ ಕುಲುಮೆಯ ಇಂಧನ. ಆಗಿನ ಕುಲುಮೆಗಳಿಗೆ ಇಂಧನ ವಿಪರೀತ ಬೇಕಿತ್ತು. ಹಾಗಾಗಿ ಅದಿರೇ ಇದ್ದಲಿನ ಬಳಿ ಬಂತು. ನಮ್ಮ ಭದ್ರಾವತಿಯದು ಉಲ್ಟಾ. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಕಲ್ಲಿದ್ದಲು ಇರಲಿಲ್ಲ. 1923ರಲ್ಲಿ ಕುಲುಮೆ ಹೊತ್ತಿದಾಗ ಸುರಿದದ್ದು ಮಲೆನಾಡಿನ ಮರ ಸುಟ್ಟ ಇದ್ದಿಲು.

ಎರಡೂ ಊರಿಗೆ ಒಂದು ಎಳೆ ಇದೆ. 1902ರಲ್ಲಿ ಜಮ್‌ಶೆಟ್‌ಜಿ ಟಾಟಾ ಅಮೆರಿಕಕ್ಕೆ ಹೋದಾಗ ಪಿಟ್ಸ್‌ಬರ್ಗ್‌ನ ಎಂಜಿನಿಯರ್ ಜೂಲಿಯನ್ ಕೆನೆಡಿಯನ್ನು ಕಂಡರು. ಕೆನೆಡಿ ಟಾಟಾರನ್ನು ನ್ಯೂಯಾರ್ಕಿನ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್ ಬಳಿ ಕಳಿಸಿದರು. ಅದರಿಂದ ಹುಟ್ಟಿದ್ದು ಜಮ್‌ಶೆಡ್‌ಪುರ. ಅದೂ ಎರಡು ನದಿ ಸೇರುವ ಜಾಗವೇ. ಮುಂದೆ ಮೈಸೂರು ಸರ್ಕಾರ ಭದ್ರಾವತಿ ಕಾರ್ಖಾನೆಗೂ ಇದೇ ಪೆರಿನ್ ಕಂಪನಿಯ ಸಲಹೆ ಪಡೆಯಿತು. ಹಾಗಾಗಿ ನೀವು ನೋಡಲು ಹೋಗುತ್ತಿರುವುದು ನಮ್ಮ ಊರಿನ ದೊಡ್ಡಜ್ಜನ ಮನೆ ಅಂತ ಇಟ್ಟುಕೊಳ್ಳಿ.

ಆ ಮನೆಯ ಅಡುಗೆ ಕೋಣೆ ನೋಡಬೇಕಾದರೆ ಕ್ಯಾರಿ ಫರ್ನೇಸಸ್‌ಗೆ ಹೋಗಬೇಕು. ಪೇಟೆಯಿಂದ ಮಾನ್ ನದಿಗುಂಟ ಮೇಲಕ್ಕೆ ಹೋದರೆ ರ‍್ಯಾಂಕಿನ್ ಅನ್ನುವ ಊರು. ಅಲ್ಲಿ 6 ಮತ್ತು 7ನೇ ನಂಬರಿನ ಎರಡು ಊದುಕುಲುಮೆ ಹಾಗೇ ನಿಂತಿವೆ. 1907ರ ಸುಮಾರಿನವು, 92 ಅಡಿ ಎತ್ತರ. 1978ರಲ್ಲಿ ಆರಿದವು. 2006ರಿಂದ ರಾಷ್ಟ್ರೀಯ ಸ್ಮಾರಕ. ಬಣ್ಣ ಬಳಿದು ಚಂದ ಮಾಡಿಲ್ಲ, ಅದೇ ಚಂದ. ತುಕ್ಕು, ಬಳ್ಳಿ, ಒಡೆದ ಗಾಜು. ಬೀಡು ಕಬ್ಬಿಣ ಕರಗಿ ಹರಿಯುತ್ತಿದ್ದ ನೆಲದ ಕಾಲುವೆಗಳು ಹಾಗೇ ಇವೆ. ನಾನು ಅಲ್ಲಿ ನಿಂತಾಗ ಕೈ ತಾನಾಗಿ ಮುಖಕ್ಕೆ ಅಡ್ಡ ಹೋಯಿತು, ಬಿಸಿ ಹೊಡೆಯುತ್ತದೇನೋ ಅನ್ನುವ ಹಾಗೆ. ಕುಲುಮೆ ಆರಿ ನಲವತ್ತು ವರ್ಷದ ಮೇಲಾಗಿತ್ತು!

ಇಲ್ಲಿ ಕರಗಿದ ಕಬ್ಬಿಣ ಬಿಸಿಬಿಸಿಯಾಗೇ ರೈಲು ಸೇತುವೆ ಮೇಲೆ ನದಿ ದಾಟಿ ಎದುರಿನ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಗೆ ಹೋಗುತ್ತಿತ್ತು. ಎಂಪೈರ್ ಸ್ಟೇಟ್ ಕಟ್ಟಡದ ತೊಲೆಗಳು ಬಂದದ್ದು ಹೋಮ್‌ಸ್ಟೆಡ್‌ನಿಂದ. ಕಾರ್ಖಾನೆ ಮುಚ್ಚಿದ ಮೇಲೆ ಕೆಲವು ಕಲಾವಿದರು ಕುಲುಮೆ ಅಂಗಳಕ್ಕೆ ನುಗ್ಗಿ, ಬಿದ್ದಿದ್ದ ಪೈಪು, ತಂತಿ ಸೇರಿಸಿ ಸುಮಾರು 40 ಅಡಿಯ ಜಿಂಕೆ ತಲೆ ಕಟ್ಟಿದರು. ಯಾರ ಅನುಮತಿಯೂ ಇರಲಿಲ್ಲ. ಈಗ ಅದೇ ಎಲ್ಲರ ಫೋಟೋದಲ್ಲಿ.

ಗೈಡ್ ಜೊತೆ ಒಳಗೆ ಹೋಗಿ ನೋಡಬಹುದು, ಅದೂ ಮೇನಿಂದ ಅಕ್ಟೋಬರ್ ತನಕ. ನಡೆಯುವುದು ಜಾಸ್ತಿ, ಜಲ್ಲಿಕಲ್ಲು, ಮೆಟ್ಟಿಲು. ಮೊಣಕಾಲು ನೋವಿದ್ದವರಿಗೆ ಬೇಡ. ನೀವು ಮಗಳ ಜೊತೆ ಹೋಗಿ.

ಹೋಮ್‌ಸ್ಟೆಡ್ ಕಾರ್ಖಾನೆ 1986ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಅಂಗಡಿ, ಸಿನಿಮಾ ಮಂದಿರ, ಹೋಟೆಲ್. ಮಧ್ಯೆ 12 ಇಟ್ಟಿಗೆ ಚಿಮಣಿಗಳನ್ನು ಮಾತ್ರ ಸಾಲಾಗಿ ಉಳಿಸಿದ್ದಾರೆ. ಅದರಾಚೆ ನದಿ ದಡದಲ್ಲಿ ಒಂದು ಪಂಪ್ ಹೌಸ್ ಇದೆ. ಪ್ರವಾಸಿಗರು ಯಾರೂ ಅಲ್ಲಿಗೆ ಬರುವುದಿಲ್ಲ. ನೀವು ಹೋಗಿ. 1892ರ ಜುಲೈ 6ರ ಬೆಳಗಿನ ಜಾವ ಪಿಂಕರ್ಟನ್ ಅನ್ನುವ ಕಂಪನಿಯ 300 ಜನ ಬಾಡಿಗೆ ಪಹರೆಯವರು ಎರಡು ದೋಣಿಗಳಲ್ಲಿ ಬಂದು ಇಳಿದದ್ದು ಇಲ್ಲೇ. ಕೂಲಿ ಕಡಿತದ ಜಗಳದಲ್ಲಿ ಕಾರ್ಮಿಕರನ್ನು ಹೊರಗಿಟ್ಟು ಗೇಟು ಹಾಕಿದ್ದರು. ಒಳಗೆ ಬೇರೆ ಆಳುಗಳನ್ನು ತುಂಬಿಸಲು ಈ ಪಹರೆ. ಕಾರ್ಮಿಕರು ದಡದಲ್ಲಿ ಕಾಯುತ್ತಿದ್ದರು. ದಿನವಿಡೀ ಗುಂಡು ಹಾರಿತು. ಎರಡೂ ಕಡೆ ಹೆಣ ಬಿದ್ದವು. ಪಿಂಕರ್ಟನ್‌ನವರು ಶರಣಾದರು, ಆದರೆ ಸರ್ಕಾರದ ಸೈನ್ಯ ಬಂತು. ಯೂನಿಯನ್ ಮುರಿಯಿತು. ಉಕ್ಕಿನ ಕೆಲಸಗಾರರಿಗೆ ಮತ್ತೆ ಗಟ್ಟಿ ಯೂನಿಯನ್ ಬರಲು 1930ರ ದಶಕ ಬೇಕಾಯಿತು.

ಆಗ ಕಾರ್ಖಾನೆ ನಡೆಸುತ್ತಿದ್ದವನು ಹೆನ್ರಿ ಫ್ರಿಕ್. ಮಾಲೀಕ ಆಂಡ್ರೂ ಕಾರ್ನೆಗಿ ಸ್ಕಾಟ್ಲೆಂಡ್‌ನಲ್ಲಿದ್ದ. ಕಾರ್ನೆಗಿ ಬಡ ನೇಕಾರನ ಮಗ. 1848ರಲ್ಲಿ ವಲಸೆ ಬಂದು, ಹತ್ತಿಗಿರಣಿಯಲ್ಲಿ ವಾರಕ್ಕೆ 1 ಡಾಲರ್ 20 ಸೆಂಟ್‌ಗೆ ದುಡಿದವನು. 1901ರಲ್ಲಿ ಕಂಪನಿ ಮಾರಿದಾಗ ಬೆಲೆ 48 ಕೋಟಿ ಡಾಲರ್. ಅದರಿಂದ ಹುಟ್ಟಿದ್ದು ಯು.ಎಸ್. ಸ್ಟೀಲ್.

ಈಗ ದುಡ್ಡು ಹೋದ ಕಡೆ ನಡೆಯಿರಿ. ಅದರ ಹೆಸರು ಓಕ್‌ಲ್ಯಾಂಡ್. ನಿಮ್ಮ ಮಗಳ ಕಾಲೇಜು ಇರುವುದೂ ಬಹುಶಃ ಆ ಸುತ್ತಲೇ. 1895ರಲ್ಲಿ ಕಾರ್ನೆಗಿ ಕಟ್ಟಿಸಿದ ಲೈಬ್ರರಿ, ಸಂಗೀತ ಸಭಾಂಗಣ, ಮ್ಯೂಸಿಯಂ ಎಲ್ಲಾ ಒಂದೇ ಸೂರಿನಡಿ. ನಾನು ಹೇಳಿದ ಡೈನೋಸಾರ್ ಇಲ್ಲಿದೆ. 1899ರಲ್ಲಿ ವಯೋಮಿಂಗ್‌ನಲ್ಲಿ ಅವನ ದುಡ್ಡಿನಲ್ಲೇ ಅಗೆದು ತಂದದ್ದು. ಹೆಸರಿನಲ್ಲೂ ಅವನೇ ಇದ್ದಾನೆ, 'ಡಿಪ್ಲೊಡೋಕಸ್ ಕಾರ್ನೆಗಿ'. ಯುರೋಪಿನ ರಾಜರಿಗೆ ಅದರ ಪ್ಲಾಸ್ಟರ್ ಅಚ್ಚುಗಳನ್ನು ಉಡುಗೊರೆ ಕಳಿಸಿದ. ಹತ್ತಿರದಲ್ಲೇ ಫಿಪ್ಸ್ ಗಾಜಿನ ಮನೆ, 1893ರದ್ದು. ಕಾರ್ನೆಗಿಯ ಪಾಲುದಾರ ಹೆನ್ರಿ ಫಿಪ್ಸ್ ಊರಿಗೆ ಕೊಟ್ಟದ್ದು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗಿಂತ ನಾಲ್ಕೇ ವರ್ಷ ಚಿಕ್ಕದು. ಆರ್ಕಿಡ್, ತಾಳೆ, ಬೋನ್ಸಾಯ್. ನೀವು ಕುಲುಮೆ ನೋಡುವ ಹೊತ್ತಿಗೆ ನಿಮ್ಮ ಹೆಂಡತಿ ಇಲ್ಲಿ ಸುತ್ತಾಡಬಹುದು.

ಈ ದಾನಗಳ ಬಗ್ಗೆ ನನಗೆ ಎರಡು ಮನಸ್ಸು. ಲೈಬ್ರರಿ ಒಳ್ಳೆಯದು, ಯಾರು ಇಲ್ಲ ಅಂತಾರೆ? ಆದರೆ ದಿನಕ್ಕೆ 12 ಗಂಟೆ ಕುಲುಮೆ ಮುಂದೆ ಬೆಂದವನು ಮನೆಗೆ ಬಂದು ಓದುವುದು ಯಾವಾಗ? ಪಂಪ್ ಹೌಸ್ ನೋಡಿದ ಮೇಲೇ ಓಕ್‌ಲ್ಯಾಂಡ್‌ಗೆ ಹೋಗಿ ಅನ್ನುವುದು ಇದಕ್ಕೇ.

ಅದೇ ಬೀದಿಯಲ್ಲಿ ಇನ್ನೊಂದು ದುಡ್ಡಿನ ಕಥೆ ಇದೆ, ಅದು ನನಗೆ ಹೆಚ್ಚು ಇಷ್ಟ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ 'ಕ್ಯಾಥೆಡ್ರಲ್ ಆಫ್ ಲರ್ನಿಂಗ್'. 42 ಮಹಡಿ, 535 ಅಡಿ. ಹೆಸರಿಗೆ ಕ್ಯಾಥೆಡ್ರಲ್, ಒಳಗೆ ತರಗತಿಗಳು. 1926ರಲ್ಲಿ ಕೆಲಸ ಶುರುವಾಯಿತು. ಊರಿನ ಶಾಲಾ ಮಕ್ಕಳು, ಸುಮಾರು 97,000 ಮಂದಿ, ತಲಾ 10 ಸೆಂಟ್ ಕೊಟ್ಟು ಒಂದೊಂದು ಇಟ್ಟಿಗೆ 'ಕೊಂಡರು'. ಊರಿಗೆ ದುಡಿಯಲು ಬಂದ ಪೋಲೆಂಡ್, ಹಂಗೇರಿ, ಇಟಲಿ, ಐರ್ಲೆಂಡ್ ಹೀಗೆ ನಾನಾ ಕಡೆಯವರು ಕೆಳ ಮಹಡಿಗಳಲ್ಲಿ ತಮ್ಮ ತಮ್ಮ ನಾಡಿನ ಶೈಲಿಯ ಒಂದೊಂದು ತರಗತಿ ಕೋಣೆ ಕಟ್ಟಿಸಿದರು. 2000ದಲ್ಲಿ ಭಾರತದ ಕೋಣೆಯೂ ಸೇರಿತು. ನಳಂದದ ಮಾದರಿ, ಇಟ್ಟಿಗೆ ಗೋಡೆ. ಲಿಫ್ಟ್ ಇದೆ, ಮಳೆ ಬಂದರೂ ಚಿಂತೆ ಇಲ್ಲ. ಪೋಲಿಯೊ ಲಸಿಕೆ ಬಂದದ್ದೂ ಇದೇ ವಿಶ್ವವಿದ್ಯಾಲಯದಿಂದ. ಜೋನಾಸ್ ಸಾಕ್ ಕೆಲಸ ಮಾಡಿದ್ದು ಇಲ್ಲಿ, ಫಲಿತಾಂಶ ಸಾರಿದ್ದು 1955ರಲ್ಲಿ.

ಉಳಿದವು ಚುಟುಕಾಗಿ. ಆಂಡಿ ವಾರ್‌ಹೋಲ್ ಅನ್ನುವ ಚಿತ್ರಕಲಾವಿದ ಈ ಊರಿನ ಕೂಲಿಕಾರನ ಮಗ, ಅವನ ಹೆಸರಿನ ಏಳು ಮಹಡಿ ಮ್ಯೂಸಿಯಂ ಇದೆ. ನನಗೆ ರುಚಿಸಲಿಲ್ಲ, ಮಗಳಿಗೆ ಇಷ್ಟವಾಗಬಹುದು. ಹೈನ್ಜ್ ಹಿಸ್ಟರಿ ಸೆಂಟರ್ ಹಳೇ ಮಂಜುಗಡ್ಡೆ ಗೋದಾಮಿನಲ್ಲಿದೆ, ಮಳೆ ದಿನಕ್ಕೆ ಸರಿ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೇ ಕಟ್ಟಿದ 'ಫಾಲಿಂಗ್‌ವಾಟರ್' ಮನೆ ಕಾರಿನಲ್ಲಿ ಒಂದೂವರೆ ಗಂಟೆ ದೂರ. ಅದ್ಭುತ ಮನೆ, ಆದರೆ ಒಳಗೆಲ್ಲ ಮೆಟ್ಟಿಲು. ನಯಾಗರಕ್ಕೆ ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ. ಒಂದು ದಿನ ಪೂರ್ತಿ ರಸ್ತೆಯಲ್ಲೇ. ನಾಲ್ಕು ದಿನದಲ್ಲಿ ಅದು ಬೇಡ.

ಊಟಕ್ಕೆ ಸ್ಟ್ರಿಪ್ ಡಿಸ್ಟ್ರಿಕ್ಟ್. ಹಳೇ ಹಣ್ಣು ತರಕಾರಿ ಸಗಟು ಮಾರುಕಟ್ಟೆ, ನಮ್ಮ ಕೆ.ಆರ್. ಮಾರ್ಕೆಟ್ಟಿನ ದೂರದ ನೆಂಟ. ಸಸ್ಯಾಹಾರಿಗಳು 'ಪಿರೋಗಿ' ತಿನ್ನಿ. ಪೂರ್ವ ಯುರೋಪಿನ ಕೂಲಿಯವರು ತಂದ ತಿಂಡಿ, ಕಡುಬಿನ ತಂಗಿ ಅನ್ನಬಹುದು. ಒಳಗೆ ಆಲೂಗಡ್ಡೆ, ಚೀಸ್. ಮೇಲೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ಮಾಂಸದ ಚೂರು ಉದುರಿಸುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಅಂಗಡಿಯವರು 'ಯಿನ್ಜ್' ಅಂದರೆ ಗಾಬರಿಯಾಗಬೇಡಿ. 'ನೀವೆಲ್ಲ' ಅನ್ನುವುದಕ್ಕೆ ಈ ಊರಿನವರ ಮಾತು.

ಉಕ್ಕು ಪೂರ್ತಿ ಹೋಗಿದೆ ಅಂತಲೂ ತಿಳಿಯಬೇಡಿ. ಒಂದು ಕಾಲದಲ್ಲಿ ಹೊಗೆಯಿಂದ ಮಧ್ಯಾಹ್ನವೇ ಬೀದಿ ದೀಪ ಹಚ್ಚುತ್ತಿದ್ದರು. 1941ರಲ್ಲಿ ಹೊಗೆ ನಿಯಂತ್ರಣ ಕಾಯ್ದೆ ಬಂತು, ಯುದ್ಧ ಮುಗಿದ ಮೇಲೆ ಜಾರಿಯಾಯಿತು. 1980ರ ದಶಕದಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಮುಚ್ಚಿದವು. 1950ರಲ್ಲಿ 6,76,806 ಇದ್ದ ಜನಸಂಖ್ಯೆ 2020ರಲ್ಲಿ 3,02,971. ಈಗ ಊರು ನಡೆಯುವುದು ಆಸ್ಪತ್ರೆ, ಕಾಲೇಜು, ಸಾಫ್ಟ್‌ವೇರ್ ಮೇಲೆ. ಪೇಟೆ ಮಧ್ಯದ 64 ಮಹಡಿಯ ಯು.ಎಸ್. ಸ್ಟೀಲ್ ಗೋಪುರದ ತುದಿಯಲ್ಲಿ ಇವತ್ತು ಹೊಳೆಯುವುದು ಒಂದು ಆಸ್ಪತ್ರೆ ಸಮೂಹದ ಹೆಸರು. ಆದರೆ ಬ್ರ್ಯಾಡಕ್‌ನಲ್ಲಿ ಕಾರ್ನೆಗಿ 1875ರಲ್ಲಿ ಶುರುಮಾಡಿದ ಎಡ್ಗರ್ ಥಾಮ್ಸನ್ ಕಾರ್ಖಾನೆ ಈಗಲೂ ಉಕ್ಕು ಮಾಡುತ್ತಿದೆ. 2025ರಲ್ಲಿ ಯು.ಎಸ್. ಸ್ಟೀಲ್ ಅನ್ನೇ ಜಪಾನಿನ ನಿಪ್ಪಾನ್ ಸ್ಟೀಲ್ ಕೊಂಡಿತು. ಗಾಳಿ ಬೀಸದ ಬೆಳಗುಗಳಲ್ಲಿ ನದಿ ಕಣಿವೆಯಲ್ಲಿ ಗಂಧಕದ ವಾಸನೆ ಬರುತ್ತದೆ. ನನಗೆ ಅದು ತವರಿನ ವಾಸನೆ. ನಿಮಗೆ ಹಿಡಿಸಲಿಕ್ಕಿಲ್ಲ.

ಇನ್ನು ನಿಮ್ಮ ನೆಂಟರ ದೇವಸ್ಥಾನ. ಖಂಡಿತ ಹೋಗಿ, ಆದರೆ ಕೊನೇ ದಿನ. ಪೆನ್ ಹಿಲ್ಸ್‌ನ ಗುಡ್ಡದ ಮೇಲಿದೆ. 1970ರ ದಶಕದಲ್ಲಿ ತಿರುಪತಿಯ ಮಾದರಿಯಲ್ಲಿ ಕಟ್ಟಿದ್ದು, ಅಮೆರಿಕದ ಮೊದಮೊದಲ ಹಿಂದೂ ದೇವಸ್ಥಾನಗಳಲ್ಲಿ ಒಂದು. ಈ ಊರಿನ ಕಂಪನಿಗಳಿಗೆ, ಆಸ್ಪತ್ರೆಗಳಿಗೆ, ಕಾಲೇಜುಗಳಿಗೆ ಬಂದ ಎಂಜಿನಿಯರು, ಡಾಕ್ಟರು, ಮೇಷ್ಟರುಗಳು ಕಟ್ಟಿಸಿದ್ದು. ಪೋಲೆಂಡಿನವರು ಚರ್ಚು ಕಟ್ಟಿಕೊಂಡರು, ನಮ್ಮವರು ಗುಡಿ ಕಟ್ಟಿಕೊಂಡರು. ಹೋಗುವಾಗ ಹೆದ್ದಾರಿ ಬಿಟ್ಟು ಬ್ರ್ಯಾಡಕ್ ಮೇಲೆ ಹೋಗಲು ಮಗಳಿಗೆ ಹೇಳಿ. ಸ್ವಲ್ಪ ಸುತ್ತು, ಆದರೆ ರಸ್ತೆ ಪಕ್ಕದಲ್ಲೇ ಕಾರ್ಖಾನೆ ಸಿಗುತ್ತದೆ. ಕಾರಿನಲ್ಲಿ ಕೂತೇ ನೋಡಬಹುದು, ಮೊಣಕಾಲಿಗೆ ತೊಂದರೆ ಇಲ್ಲ. ಪುಳಿಯೋಗರೆ ಆಸೆ ಇದ್ದರೆ ಮಧ್ಯಾಹ್ನದ ಹೊತ್ತಿಗೆ ಗುಡಿ ತಲುಪಿ.

ಕ್ಯಾರಿ ಫರ್ನೇಸಸ್ ಟಿಕೆಟ್ ಮಾತ್ರ ಇಲ್ಲಿಂದಲೇ ಮಾಡಿಸಿಕೊಂಡು ಹೊರಡಿ. ಮತ್ತೆ ಆ ದಿನ ಬೂಟು ಹಾಕಿಕೊಳ್ಳಿ, ಚಪ್ಪಲಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ.